ಡಾರ್ಕ್‌ಟೇಬಲ್‌ನಲ್ಲಿ ಹಳೇ ರೀಲಿನ ಬಣ್ಣ: ಎರಡು ಮಳೆಗಾಲ ಬಳಸಿದ ಮೇಲೆ

ಡಿಜಿಟಲ್ ಚಿತ್ರಕ್ಕೆ ಹಳೇ ಫಿಲ್ಮ್ ರೀಲಿನ ಬಣ್ಣ ಕೊಡಲು ಬಳಸಿದ್ದು ಡಾರ್ಕ್‌ಟೇಬಲ್ ಎಂಬ ಫೋಟೊ ತಿದ್ದುವ ತಂತ್ರಾಂಶ. ಅದರಲ್ಲಿ ಮೊದಲು ಗ್ರೇನ್, ಅಂದರೆ ಫಿಲ್ಮಿನ ಮರಳಿನಂಥ ಕಣಗಳ, ಬಗ್ಗೆಯೇ ಹೇಳಬೇಕು. ಈ ತಂತ್ರಾಂಶವನ್ನು ಬಿಡದೆ ಇಟ್ಟುಕೊಳ್ಳಲು ಅದೊಂದೇ ಸಾಕು. ಫೋನಿನ ಎಷ್ಟೋ ಆ್ಯಪ್‌ಗಳು ಇಡೀ ಚಿತ್ರದ ಮೇಲೆ ಒಂದೇ ಸಮನೆ ಮರಳು ಎರಚಿಬಿಡುತ್ತವೆ. ನೆಗೆಟಿವ್‌ನಿಂದ ಹಾಕಿಸಿದ ಪ್ರಿಂಟಿನಲ್ಲಿ ಗ್ರೇನ್ ಎದ್ದು ಕಾಣುತ್ತಿದ್ದುದು ನಡುವಿನ ಛಾಯೆಗಳಲ್ಲಿ. ಅಚ್ಚ ಬಿಳಿಯಲ್ಲೂ ಕಡುಗಪ್ಪಿನಲ್ಲೂ ಅದು ಅಡಗಿರುತ್ತಿತ್ತು. ಡಾರ್ಕ್‌ಟೇಬಲ್‌ನ ಗ್ರೇನ್ ಮಾಡ್ಯೂಲಿನಲ್ಲಿ ಇದಕ್ಕೆಂದೇ ‘ಮಿಡ್‌ಟೋನ್ಸ್ ಬಯಾಸ್’ ಇದೆ. ಅದನ್ನು ಮೇಲಿಟ್ಟು, ಕೋರ್ಸ್‌ನೆಸ್ (ಕಣದ ದಪ್ಪ) 1600, ಸ್ಟ್ರೆಂತ್ (ಅದರ ತೀವ್ರತೆ) 20ರ ಆಸುಪಾಸು ಇಟ್ಟರೆ ಮಲ್ಪೆ ಕಡಲಿನ ಮೇಲಿನ ಮೋಡಕ್ಕೆ ಜೀವ ಬರುತ್ತದೆ. ಬೆಳಕಿನ ಏರಿಳಿತವನ್ನಷ್ಟೇ ಮುಟ್ಟುವುದರಿಂದ ಕೆಂಪು ಹಸುರು ಚುಕ್ಕಿಗಳ ಗಲಾಟೆ ಇಲ್ಲ. ಆದರೆ ಗ್ರೇನ್ ಹೇಗಿದೆ ಎಂದು ತೀರ್ಮಾನಿಸುವ ಮೊದಲು 100% ಜೂಮ್‌ನಲ್ಲೇ ನೋಡಿ. 1080 ಪಿಕ್ಸೆಲ್‌ಗೆ ಇಳಿಸುವ ಚಿತ್ರವಾದರೆ ಕೋರ್ಸ್‌ನೆಸ್ 3200ಕ್ಕೆ ಏರಿಸಿ. ಸಣ್ಣ ಗ್ರೇನ್ ಕುಗ್ಗಿಸುವಾಗ ಸರಾಸರಿಯಾಗಿ ಮಾಯವಾಗುತ್ತದೆ, ಉಳಿದದ್ದನ್ನು ವಾಟ್ಸಾಪ್‌ನ ಜೆಪೆಗ್ ಸಂಕುಚನ ಅಳಿಸುತ್ತದೆ.

ಉಳಿದ ಕ್ರಮ ಚಿಕ್ಕದು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವುದು), ಅರ್ಧ ಸ್ಟಾಪ್ ಜಾಸ್ತಿ ಎಕ್ಸ್‌ಪೋಷರ್, ಸಿಗ್ಮಾಯ್ಡ್ ಮಾಡ್ಯೂಲಿನಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಕಡಿಮೆ. ಟೋನ್ ಕರ್ವ್‌ನ ಎಡತುದಿಯನ್ನು, ಅಂದರೆ ಕಪ್ಪನ್ನು, ಸೊನ್ನೆಯಿಂದ 5ಕ್ಕೆ ಎತ್ತಿ. 10 ದಾಟಿದರೆ ಕಪ್ಪು ಹೋಗಿ ಹೊಗೆ ಉಳಿಯುತ್ತದೆ.

ಬೇಸರ ಶುರುವಾಗುವುದು ‘ಲಟ್ ತ್ರಿಡಿ’ ಮಾಡ್ಯೂಲಿನಲ್ಲಿ. ಲಟ್ ಎಂದರೆ ಯಾವ ಬಣ್ಣ ಯಾವುದಾಗಬೇಕು ಎಂದು ಹೇಳುವ ಸಿದ್ಧ ಕೋಷ್ಟಕದ ಫೈಲ್. ಮೊದಲು ಪ್ರಿಫರೆನ್ಸಸ್‌ನಲ್ಲಿ ಲಟ್ ಫೋಲ್ಡರ್ ಯಾವುದೆಂದು ತೋರಿಸಬೇಕು, ಇಲ್ಲದಿದ್ದರೆ ಫೈಲ್ ಆರಿಸಲಿಕ್ಕೇ ಆಗುವುದಿಲ್ಲ. ಲಟ್ ಯಾವ ಬಣ್ಣ-ವ್ಯಾಪ್ತಿಗೆ ತಯಾರಾಗಿದೆಯೋ ಆ ಕಲರ್ ಸ್ಪೇಸ್ ಆರಿಸುವುದು ತಪ್ಪಿದರೆ ಬಣ್ಣ ಒಂದೋ ಸಪ್ಪೆ, ಇಲ್ಲವೇ ರಾಚುತ್ತದೆ. ಫಿಲ್ಮ್ ಹೆಸರಿನ ಉಚಿತ ಲಟ್‌ಗಳಲ್ಲಿ ಹೆಚ್ಚಿನವಕ್ಕೆ ಎಸ್‌ಆರ್‌ಜಿಬಿ ಸರಿ. ಆದರೆ ನಿಜವಾದ ತೊಂದರೆ ಬೇರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕೆಂಪು, ಮುರಕಲ್ಲಿನ ಗೋಡೆ, ನಮ್ಮವರ ಮೈಬಣ್ಣ, ಮೂರೂ ಕಿತ್ತಳೆಯ ಅಕ್ಕಪಕ್ಕದವು. ಹಂಚನ್ನು ತಣಿಸಿದರೆ ಜಗಲಿಯಲ್ಲಿ ಕುಳಿತ ಅಜ್ಜಿಯ ಮುಖ ಬಿಳಿಚುತ್ತದೆ. ಮುಖಕ್ಕೆ ಬೆಚ್ಚಗಿನ ಬಣ್ಣ ಕೊಟ್ಟರೆ ಹಂಚಿನ ಮಾಡು ಹೊತ್ತಿ ಉರಿಯುತ್ತದೆ. ಹಸುರಿನ ಕಥೆಯೂ ಅಷ್ಟೇ. 1990ರ ವೆಲ್ವಿಯಾ ಸ್ಲೈಡ್ ಫಿಲ್ಮ್ ಹೆಸರು ಮಾಡಿದ್ದೇ ಗಾಢ ಬಣ್ಣಕ್ಕೆ; ಅದರ ಲಟ್ ಅನ್ನು ಆಟಿ ತಿಂಗಳ (ಜುಲೈ–ಆಗಸ್ಟ್) ಗದ್ದೆಗೆ ಹಚ್ಚಿದರೆ ಪೈರು ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ನಮ್ಮ ಮಳೆಗಾಲಕ್ಕೆ ಕೊಡಾಕ್‌ನ ಪೋರ್ಟ್ರಾ ನೆಗೆಟಿವ್ ಫಿಲ್ಮ್ ಜಾತಿಯ ಮೆತ್ತನೆ ಲಟ್‌ಗಳೇ ಒಗ್ಗುತ್ತವೆ.

ಲಟ್ ತ್ರಿಡಿ ಮಾಡ್ಯೂಲಿನಲ್ಲಿ ‘ಎಷ್ಟು’ ಎಂದು ಹೇಳುವ ಸ್ಲೈಡರ್ ಇಲ್ಲ, ಆದ್ದರಿಂದ ಬ್ಲೆಂಡಿಂಗ್‌ನಲ್ಲಿ ಒಪ್ಯಾಸಿಟಿಯನ್ನು (ಪರಿಣಾಮದ ದಟ್ಟತೆ) 50–60%ಗೆ ಇಳಿಸಿ. ಮುಖ ಮತ್ತು ಹಂಚು ಒಂದೇ ಚೌಕಟ್ಟಿನಲ್ಲಿದ್ದರೆ ಬಣ್ಣ ನೋಡಿ ಭಾಗ ಆರಿಸುವ ಮಾಸ್ಕ್ ಎರಡನ್ನೂ ಹಿಡಿಯುತ್ತದೆ. ಮಾಡಿನ ಸುತ್ತ ಕೈಯಾರೆ ಮಾಸ್ಕ್ ಎಳೆದು, ಅಂಚು ಮೆತ್ತಗಾಗಿಸುವ ಫೆದರ್ ಕೊಟ್ಟು, ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ ಅಲ್ಲಿಯದಷ್ಟೇ ಸ್ಯಾಚುರೇಶನ್ ತಗ್ಗಿಸಬೇಕು. ಚಿತ್ರಕ್ಕೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಜ್ಜಿಯ ಮುಖ ಉಳಿಯುತ್ತದೆ.

ದುಡ್ಡು ಕೊಟ್ಟು ಕೊಳ್ಳುವ ‘ವಿಂಟೇಜ್’ ಪ್ರಿಸೆಟ್ (ಸಿದ್ಧ ಹೊಂದಿಕೆ) ಕಟ್ಟು ಇದಕ್ಕೆ ಪರಿಹಾರವಲ್ಲ. ಕೊಂಡ ಒಂದು ಕಟ್ಟಿನಲ್ಲಿ ಹೆಸರು ಫಿಲ್ಮಿನದು, ಬಣ್ಣ ಮಾತ್ರ ಮಾಸಿದ ಆಲ್ಬಮ್ಮಿನದು. 70ರ ದಶಕದ ಎಷ್ಟೋ ಕಲರ್ ಪ್ರಿಂಟುಗಳು ಕೆಂಪೇರಿರುವುದು ಕಾಗದದಲ್ಲಿನ ಸಯಾನ್ (ಹಸುರು-ನೀಲಿ) ಬಣ್ಣ ಬೇಗ ಮಾಸಿದ್ದರಿಂದ. ಫಿಲ್ಮ್ ಹಾಗೆ ಹಿಡಿದದ್ದಲ್ಲ. ಆ ಮಾಸಲು ಕೆಂಪು ಬೇಕಿದ್ದರೂ ಆರ್‌ಜಿಬಿ ಕರ್ವ್‌ನ ಕೆಂಪು ಚಾನೆಲ್ ಸ್ವಲ್ಪ ಎತ್ತಿದರೆ ಪುಕ್ಕಟೆ ಸಿಗುತ್ತದೆ. ಡಾರ್ಕ್‌ಟೇಬಲ್ ಕೂಡ ಪುಕ್ಕಟೆಯೇ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎಕ್ಸ್‌ಪೋರ್ಟ್ ಮಾತ್ರ ನಿಧಾನ.

ಒಮ್ಮೆ ಹದ ಸಿಕ್ಕಿತೆಂದರೆ ಸ್ಟೈಲ್ ಆಗಿ (ಬೇರೆ ಚಿತ್ರಕ್ಕೂ ಹಚ್ಚಬಹುದಾದ ಹೊಂದಿಕೆಗಳ ಗುಂಪಾಗಿ) ಉಳಿಸಿ, ಮಾಸ್ಕ್ ಇರುವ ಮಾಡ್ಯೂಲ್‌ಗಳನ್ನು ಬಿಟ್ಟು. ರಾತ್ರಿಯ ಯಕ್ಷಗಾನಕ್ಕೆ ಬೇರೆಯೇ ಸ್ಟೈಲ್ ಬೇಕು: ಎಲ್‌ಇಡಿ ಬೆಳಕಿಗೆ ವೈಟ್ ಬ್ಯಾಲೆನ್ಸ್ ಮೊದಲು ಸರಿಯಾಗದಿದ್ದರೆ ಮುಖವರ್ಣಿಕೆಯ ಕೆಂಪು ನೇರಳೆಗೆ ತಿರುಗುತ್ತದೆ, ಆಮೇಲೆ ಯಾವ ಲಟ್ ಹಾಕಿದರೂ ಸರಿಹೋಗುವುದಿಲ್ಲ.

ಪ್ರಿಂಟ್ ಹಾಕಿಸುವುದಾದರೆ 4×6ಕ್ಕೆ 1800×1200 ಪಿಕ್ಸೆಲ್ ಸಾಕು. ಕೊಡುವಾಗ ಸ್ಟುಡಿಯೋದವರಿಗೆ ‘ಕರೆಕ್ಷನ್ ಬೇಡ, ಹಾಗೇ ಹಾಕಿ’ ಅನ್ನಿ. ಇಲ್ಲದಿದ್ದರೆ ಯಂತ್ರದ ಆಟೋ ಕರೆಕ್ಷನ್, ನೀವು 5ಕ್ಕೆ ಎತ್ತಿದ ಕಪ್ಪನ್ನು ಮತ್ತೆ ಸೊನ್ನೆಗೆ ಇಳಿಸಿ ಕೊಡುತ್ತದೆ.