ಹುವಾಮಾರ್ಕ್‌ನಲ್ಲಿ ಎರಡು ದಿನ, ಹತ್ತೊಂಬತ್ತು ಸೆಟ್: ಮಹಿಳಾ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್ ನೋಡಿ ಬಂದ ಮೇಲೆ

2025ರ ಆಗಸ್ಟ್ 22ರಿಂದ ಸೆಪ್ಟೆಂಬರ್ 7ರವರೆಗೆ ಥಾಯ್ಲೆಂಡ್‌ನ ನಾಲ್ಕು ಊರುಗಳಲ್ಲಿ ನಡೆದ ಮಹಿಳೆಯರ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್‌ನ ಕೊನೆಯ ಎರಡು ದಿನಗಳನ್ನು ನಾನು ಬ್ಯಾಂಕಾಕ್‌ನ ಹುವಾಮಾರ್ಕ್ ಒಳಾಂಗಣ ಕ್ರೀಡಾಂಗಣದಲ್ಲಿ ಕಳೆದೆ. ಎರಡು ಸೆಮಿಫೈನಲ್, ಕಂಚಿನ ಪದಕದ ಪಂದ್ಯ ಮತ್ತು ಫೈನಲ್ ಸೇರಿ ನಾಲ್ಕು ಪಂದ್ಯಗಳು. ಅವುಗಳಲ್ಲಿ ಮೂರು ಐದನೇ ಸೆಟ್ಟಿನವರೆಗೆ ಹೋದವು. ಎರಡು ದಿನಕ್ಕೆ ಒಟ್ಟು ಹತ್ತೊಂಬತ್ತು ಸೆಟ್ ಆಟ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಬಹುದಾದ ಪಂದ್ಯಕ್ಕೆ ವಿಮಾನ ಹತ್ತಿ ಹೋಗುವ ಅಗತ್ಯವಿತ್ತೇ ಎಂದು ಹೊರಡುವ ಮುನ್ನ ಮನೆಯವರೆಲ್ಲ ಕೇಳಿದ್ದರು. ನಮ್ಮೂರಿನ ಹೆಣ್ಣುಮಕ್ಕಳ ತಂಡಕ್ಕೆ ಎಂಟು ವರ್ಷಗಳಿಂದ ಸಂಜೆ ಹೊತ್ತು ವಾಲಿಬಾಲ್ ಹೇಳಿಕೊಡುತ್ತಿರುವ ನನಗೂ ಆ ಪ್ರಶ್ನೆ ಇತ್ತು. ಈಗ ಉತ್ತರ ಸಿಕ್ಕಿದೆ; ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೋಗಿಬರುವ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನಗಳಿವೆ, ಪ್ರಯಾಣ ಸುಮಾರು ನಾಲ್ಕು ತಾಸು, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ನಗರಕ್ಕೆ ಹೋಗುವ ರೈಲು ಹುವಾಮಾಕ್ ನಿಲ್ದಾಣದಲ್ಲಿ ನಿಲ್ಲುತ್ತದೆ; ಅಲ್ಲಿಂದ ಕ್ರೀಡಾಂಗಣಕ್ಕೆ ಟ್ಯಾಕ್ಸಿಯಲ್ಲೋ ಬಾಡಿಗೆ ಬೈಕಿನಲ್ಲೋ ಸ್ವಲ್ಪವೇ ದೂರ. ನಾನು ಈ ಸರಳ ದಾರಿಯನ್ನು ತಿಳಿದದ್ದು ತಡವಾಗಿ. ವಸತಿ ಕಾಯ್ದಿರಿಸಿಕೊಟ್ಟ ಪ್ರವಾಸ ಏಜೆಂಟರು "ಕ್ರೀಡಾಂಗಣದ ಪಕ್ಕದಲ್ಲೇ ಇದೆ ಮೇಡಂ" ಎಂದು ಹೇಳಿದ್ದ ಕೋಣೆ ನಗರದ ಇನ್ನೊಂದು ಮೂಲೆಯಲ್ಲಿತ್ತು. ಮೊದಲ ದಿನ ಸಂಚಾರ ದಟ್ಟಣೆಯಲ್ಲಿ ಸಿಲುಕಿ, ಮೊದಲ ಸೆಮಿಫೈನಲ್‌ನ ಆರಂಭದ ಅಂಕಗಳನ್ನು ಕಳೆದುಕೊಂಡೆ. ಹೋಗುವವರು ನಕ್ಷೆಯನ್ನು ಸ್ವತಃ ನೋಡಿ, ರೈಲು ಮಾರ್ಗಕ್ಕೆ ಹತ್ತಿರವಿರುವ ಜಾಗವನ್ನೇ ಹಿಡಿಯಬೇಕು.

ಹುವಾಮಾರ್ಕ್ ಹಳೆಯ ಕ್ರೀಡಾಂಗಣ. 1966ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಹೊಸ ಕ್ರೀಡಾಂಗಣಗಳ ಥಳುಕು ಇಲ್ಲಿಲ್ಲ. ಆದರೆ ವಾಲಿಬಾಲ್‌ಗೆ ಬೇಕಾದದ್ದು ಥಳುಕಲ್ಲ; ನೋಡುವವರು ಅಂಕಣಕ್ಕೆ ಹತ್ತಿರವಿರಬೇಕು. ಇಲ್ಲಿ ಅದು ಸಿಗುತ್ತದೆ. ಚೆಂಡು ಬ್ಲಾಕಿಗೆ, ಅಂದರೆ ನೆಟ್ಟಿನ ಬಳಿ ತಡೆಯಲು ಎತ್ತಿದ ಕೈಗಳಿಗೆ, ಬಡಿದು ನೆಲ ಮುಟ್ಟುವ ಸದ್ದು ಎದೆಗೇ ಬಂದು ತಾಗಿದಂತಾಗುತ್ತದೆ. ಆಟಗಾರ್ತಿಯೊಬ್ಬಳು ಚೆಂಡಿಗಾಗಿ ನೆಲಕ್ಕೆ ಎರಗಿ ಎದ್ದಾಗ ಬೆವರಿನ ಒದ್ದೆ ಗುರುತು ಉಳಿಯುತ್ತದೆ, ಮರುಕ್ಷಣ ಟವೆಲ್ ಹಿಡಿದ ಎಳೆಯರು ಓಡಿಬಂದು ಮಂಡಿಯೂರಿ ಅದನ್ನು ಒರೆಸಿ ಅಷ್ಟೇ ವೇಗದಲ್ಲಿ ಹಿಂದಿರುಗುತ್ತಾರೆ. ಇವೆಲ್ಲ ಪರದೆಯಲ್ಲಿ ಕಾಣುವುದೇ ಇಲ್ಲ, ಅಷ್ಟು ಹೊತ್ತಿಗೆ ಅಲ್ಲಿ ಮರುಪ್ರದರ್ಶನ ಓಡುತ್ತಿರುತ್ತದೆ.

ಈ ಬರಹದಲ್ಲಿ ಒಂದೇ ಒಂದು ಸಲಹೆ ನೆನಪಿಟ್ಟುಕೊಳ್ಳುವುದಾದರೆ, ಅದು ಆಸನದ ಕುರಿತದ್ದು. ಮೊದಲ ದಿನ ನಾನು ಕುಳಿತದ್ದು ನೆಟ್ಟಿನ ನೇರಕ್ಕೆ, ಅಂಕಣದ ಪಕ್ಕದ ಸಾಲುಗಳಲ್ಲಿ. ಎಲ್ಲರೂ ಬಯಸುವ ಜಾಗವದು. ಸ್ಮ್ಯಾಶ್‌ಗಳು ಭರ್ಜರಿಯಾಗಿ ಕಾಣುತ್ತವೆ, ಆಟಗಾರ್ತಿಯರು ಎಷ್ಟೆತ್ತರಕ್ಕೆ ಜಿಗಿಯುತ್ತಾರೆಂಬುದು ತಿಳಿಯುತ್ತದೆ. ಎರಡನೇ ದಿನ ಸರ್ವಿಸ್ ಗೆರೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ ಜಾಗ ಸಿಕ್ಕಿತು. ಆಗ ಆಟವೇ ಬೇರೆಯಾಗಿ ಕಂಡಿತು. ಬ್ಲಾಕ್ ಮಾಡುವ ಇಬ್ಬರ ಕೈಗಳ ನಡುವೆ ಎಷ್ಟು ಸಂದು ಬಿಟ್ಟಿದೆ, ಆ ಸಂದಿಗೆ ಸರಿಯಾಗಿ ಹಿಂದೆ ಯಾರು ಬಂದು ನಿಂತಿದ್ದಾರೆ, ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಅದನ್ನು ಮುಟ್ಟುವ ಮುನ್ನ ಅವಳ ಪಾದ ಯಾವ ಕಡೆಗೆ ತಿರುಗಿದೆ, ಅವಳು ಯಾರಿಗೆ ಕೊಡುವಂತೆ ತೋರಿಸಿ ಯಾರಿಗೆ ಕೊಟ್ಟಳು ಎಂಬುದೆಲ್ಲ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ. ಟಿವಿಯ ಮುಖ್ಯ ಕ್ಯಾಮೆರಾ ಹೆಚ್ಚಿನ ಹೊತ್ತು ಅಂಕಣದ ಪಕ್ಕದಿಂದಲೇ ನೋಡುವುದರಿಂದ ನಾವು ಚೆಂಡನ್ನು ನೋಡುತ್ತೇವೆ. ಗೆರೆಯ ಹಿಂದೆ ಕುಳಿತರೆ ಚೆಂಡು ಬರುವ ಮುನ್ನ ಆರು ಜನ ಮಾಡಿಕೊಂಡ ಸಿದ್ಧತೆಯನ್ನು ನೋಡುತ್ತೇವೆ. ನಾನು ದೂರದಿಂದ ಹೋದದ್ದು ಸಾರ್ಥಕವಾದದ್ದು ಅಲ್ಲಿ.

ಆ ಜಾಗದಿಂದ ನಾನು ಅತಿ ಹೆಚ್ಚು ನೋಡಿದ್ದು ಇಟಲಿಯ ಲಿಬೆರೊ ಮೋನಿಕಾ ಡೆ ಜೆನ್ನಾರೊ ಅವರನ್ನು. 1987ರಲ್ಲಿ ಹುಟ್ಟಿದವರು, ಎತ್ತರ 174 ಸೆಂಟಿಮೀಟರ್. ತಂಡದ ಮುಖ್ಯ ಅಟ್ಯಾಕರ್ ಪಾವೊಲಾ ಎಗೊನು 193 ಸೆಂಟಿಮೀಟರ್ ಇದ್ದಾರೆ. ಲಿಬೆರೊ ಎಂದರೆ ಬೇರೆ ಬಣ್ಣದ ಜೆರ್ಸಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡುವವಳು. ಬ್ಲಾಕ್ ಮಾಡುವಂತಿಲ್ಲ, ನೆಟ್ಟಿಗಿಂತ ಎತ್ತರದಲ್ಲಿರುವ ಚೆಂಡನ್ನು ಎದುರಾಳಿಯ ಕಡೆಗೆ ಹೊಡೆಯುವಂತಿಲ್ಲ, ಅಂತರರಾಷ್ಟ್ರೀಯ ನಿಯಮದಂತೆ ಸರ್ವಿಸ್ ಕೂಡ ಮಾಡುವಂತಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಬಂದ ಈ ಸ್ಥಾನದಲ್ಲಿ ಆಡುವವರ ಹೆಸರಿನ ಮುಂದೆ ಅಂಕಗಳು ದಾಖಲಾಗುವುದಿಲ್ಲ. ಆದರೆ ಡೆ ಜೆನ್ನಾರೊ ಅವರ ತೋಳಿಗೆ ತಾಗಿದ ಚೆಂಡು ಸದ್ದೇ ಇಲ್ಲದಂತೆ ಎದ್ದು, ಲಿಫ್ಟರ್ ನಿಂತ ಜಾಗಕ್ಕೆ ಹೋಗಿ ಇಳಿಯುವುದನ್ನು ಮತ್ತೆ ಮತ್ತೆ ಕಂಡೆ. ಅವರು ಚೆಂಡಿನತ್ತ ಧಾವಿಸುವುದು ಕಡಿಮೆ. ಎದುರಾಳಿ ಕೈ ಬೀಸುವ ಮುನ್ನವೇ ಎರಡು ಸಣ್ಣ ಹೆಜ್ಜೆ ಸರಿದು, ಹಿಮ್ಮಡಿ ಸ್ವಲ್ಪ ಎತ್ತಿ, ಬಾಗಿ ನಿಂತಿರುತ್ತಾರೆ, ಚೆಂಡು ಅವರಿರುವಲ್ಲಿಗೇ ಬರುತ್ತದೆ. ನಮ್ಮ ಹುಡುಗಿಯರಿಗೆ "ಚೆಂಡು ಬಂದ ಮೇಲೆ ಓಡಬೇಡಿ, ಮೊದಲೇ ಹೋಗಿ ನಿಂತಿರಿ" ಎಂದು ನೂರು ಸಲ ಹೇಳಿದ್ದೇನೆ. ಹೇಳುತ್ತಿದ್ದ ಮಾತು ನಿಜವಾಗಿ ಹೇಗೆ ಕಾಣಬೇಕೆಂದು ನನಗೇ ಗೊತ್ತಾದದ್ದು ಅಂದು.

ಫೈನಲ್‌ನಲ್ಲಿ ಇಟಲಿಯ ಎದುರು ಇದ್ದದ್ದು ಟರ್ಕಿ. ಆ ತಂಡದ ಕೋಚ್ ಡಾನಿಯೆಲೆ ಸಾಂಟಾರೆಲ್ಲಿ ಇಟಲಿಯವರು. ಡೆ ಜೆನ್ನಾರೊ ಅವರ ಪತಿಯೂ ಹೌದು. 2022ರಲ್ಲಿ ಸರ್ಬಿಯಾ ತಂಡವನ್ನು ವಿಶ್ವ ಚಾಂಪಿಯನ್ ಮಾಡಿದ್ದವರು ಅವರೇ. ಇಟಲಿಯ ಕೋಚ್ ಹೂಲಿಯೊ ವೆಲಾಸ್ಕೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಇಟಲಿಯ ಪುರುಷರ ತಂಡಕ್ಕೆ 1990 ಮತ್ತು 1994ರಲ್ಲಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟವರು. ಸೆಮಿಫೈನಲ್‌ನಲ್ಲಿ ಟರ್ಕಿಗೆ ಎದುರಾದ ಜಪಾನ್ ತಂಡದ ಕೋಚ್ ಫೆರ್ಹತ್ ಅಕ್ಬಾಶ್ ಟರ್ಕಿಯವರು. ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಒಳಗಿನಿಂದ ಬಲ್ಲವರೇ ಎದುರುಬದುರಾಗಿದ್ದರಿಂದ, ಒಂದು ಸೆಟ್ಟಿನಲ್ಲಿ ನಡೆದ ಉಪಾಯ ಮುಂದಿನ ಸೆಟ್ಟಿನಲ್ಲಿ ನಡೆಯುತ್ತಿರಲಿಲ್ಲ.

ಫೈನಲ್‌ನ ಅಂಕಗಳನ್ನು ನೋಡಿದರೂ ಅದು ತಿಳಿಯುತ್ತದೆ. ಇಟಲಿಗೆ 25-23, ಟರ್ಕಿಗೆ 25-13, ಇಟಲಿಗೆ 26-24, ಟರ್ಕಿಗೆ 25-19, ಕೊನೆಗೆ ಇಟಲಿಗೆ 15-8. ಟರ್ಕಿ ಗೆದ್ದ ಸೆಟ್ಟುಗಳನ್ನು ನಿರಾಯಾಸವಾಗಿ ಗೆದ್ದಿತು, ಇಟಲಿ ಮೊದಲ ಮತ್ತು ಮೂರನೇ ಸೆಟ್ಟುಗಳನ್ನು ಎರಡೆರಡು ಅಂಕಗಳ ಅಂತರದಲ್ಲಿ ಕಷ್ಟಪಟ್ಟು ಉಳಿಸಿಕೊಂಡಿತು. ಟರ್ಕಿಯ ಮೆಲಿಸ್ಸಾ ವರ್ಗಾಸ್ ಹುಟ್ಟಿದ್ದು ಕ್ಯೂಬಾದಲ್ಲಿ, ಬಲ ಮೂಲೆಯಿಂದ ಹೊಡೆಯುವವರು. ಅವರು ಸರ್ವಿಸ್‌ಗೆ ಬಂದಾಗಲೆಲ್ಲ ಇಟಲಿಯ ಹಿಂದಿನ ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದುದು ನನ್ನ ಜಾಗದಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಟರ್ಕಿಯ ನಾಯಕಿ ಎಡಾ ಎರ್ಡೆಮ್ ಕೂಡ 1987ರಲ್ಲಿ ಹುಟ್ಟಿದವರೇ. ನೆಟ್ಟಿನ ನಡುವೆ ನಿಂತು ಆಡುವ ಈ ಸ್ಥಾನದಲ್ಲಿ ಪ್ರತಿ ಅಂಕಕ್ಕೂ ಜಿಗಿಯಬೇಕು, ಚೆಂಡು ತನಗೆ ಬಾರದಿದ್ದರೂ ಬಂದಂತೆಯೇ ಜಿಗಿಯಬೇಕು. ಆ ವಯಸ್ಸಿನಲ್ಲಿ ಐದು ಸೆಟ್ ಹಾಗೆ ಆಡುವುದನ್ನು ಎದುರಿಗೆ ನೋಡುವಾಗ ಗೌರವದಿಂದ ಮನಸ್ಸು ತುಂಬಿತು. ಬೆಳ್ಳಿ ಸಿಕ್ಕಿತು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟರ್ಕಿಯ ಮಹಿಳೆಯರಿಗೆ ಅದೇ ಮೊದಲ ಪದಕ.

ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಇಟಲಿಯ ಲಿಫ್ಟರ್ ಅಲೆಸ್ಸಿಯಾ ಒರ್ರೊ ಅವರಿಗೆ ಬಂತು. ಇದು ತುಂಬ ಸರಿಯಾದ ಆಯ್ಕೆ. ಸಾಮಾನ್ಯವಾಗಿ ಹೆಚ್ಚು ಅಂಕ ಹೊಡೆದವರ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಆದರೆ ಎಗೊನು ಅವರಂಥ ಅಟ್ಯಾಕರ್ ಇರುವಾಗ ಪ್ರತಿ ಕಷ್ಟದ ಚೆಂಡನ್ನೂ ಅವರಿಗೇ ಎತ್ತಿಕೊಡುವ ಆಸೆಯನ್ನು ತಡೆದು, ನಡುವಿನಲ್ಲಿ ನಾಯಕಿ ಅನ್ನಾ ದನೇಸಿ ಮತ್ತು ಸಾರಾ ಫಾರ್, ಬದಿಯಲ್ಲಿ ಮಿರಿಯಂ ಸಿಲ್ಲಾ ಹೀಗೆ ಹಂಚುತ್ತಾ ಹೋದದ್ದರಿಂದಲೇ ಎದುರಾಳಿಯ ಬ್ಲಾಕ್ ಒಂದು ಕಡೆ ನೆಲೆಯೂರಲಿಲ್ಲ. ಗೆರೆಯ ಹಿಂದಿನಿಂದ ನೋಡಿದವರಿಗೆ ಈ ಪ್ರಶಸ್ತಿಯಲ್ಲಿ ಅಚ್ಚರಿ ಇರಲಾರದು. ಇಟಲಿಗೆ ಇದು 2002ರ ನಂತರ ಸಿಕ್ಕ ಮೊದಲ, ಒಟ್ಟಾರೆ ಎರಡನೇ ವಿಶ್ವ ಪ್ರಶಸ್ತಿ, 2024ರ ಪ್ಯಾರಿಸ್ ಒಲಿಂಪಿಕ್ ಚಿನ್ನದ ಮರುವರ್ಷವೇ ಬಂದದ್ದು, ಸತತ 36ನೇ ಗೆಲುವು. ಡೆ ಜೆನ್ನಾರೊ ರಾಷ್ಟ್ರೀಯ ತಂಡಕ್ಕೆ ಆಡಿದ ಕೊನೆಯ ಪಂದ್ಯವೂ ಅದೇ ಆಯಿತು.

ಫೈನಲ್‌ಗೆ ಮುಂಚೆ ನಡೆದ ಕಂಚಿನ ಪಂದ್ಯವನ್ನು ಕೆಲವರು ತಪ್ಪಿಸಿಕೊಂಡು ಸಂಜೆಗಷ್ಟೇ ಬಂದರು. ಅವರು ಕಳೆದುಕೊಂಡದ್ದು ದೊಡ್ಡದು. ಬ್ರೆಜಿಲ್ ಮೊದಲ ಎರಡು ಸೆಟ್ ಸುಲಭವಾಗಿ ಗೆದ್ದ ಮೇಲೆ ಜಪಾನ್ ಎರಡನ್ನೂ ಹಿಂದಕ್ಕೆ ಪಡೆದು, ಐದನೇ ಸೆಟ್ಟನ್ನು 16-18ರಲ್ಲಿ ಕೈಬಿಟ್ಟಿತು. ಜಪಾನ್‌ನ ನಾಯಕಿ ಮಾಯು ಇಶಿಕಾವಾ ಕೂಡ 174 ಸೆಂಟಿಮೀಟರ್ ಎತ್ತರದವರೇ, ಆದರೆ ಅವರು ಲಿಬೆರೊ ಅಲ್ಲ, ಸ್ಮ್ಯಾಶ್ ಹೊಡೆಯುವವರು. ಎತ್ತರದ ಬ್ಲಾಕಿನ ಮೇಲಿಂದ ಹೊಡೆಯಲಾಗದಿದ್ದಾಗ ಬೆರಳ ತುದಿಗೆ ತಾಗಿಸಿ ಹೊರಗೆ ಹಾಯಿಸುವುದು, ಮೆಲ್ಲನೆ ಹಿಂದೆ ಬೀಳಿಸುವುದು, ಬೇಕೆಂದೇ ಬ್ಲಾಕಿಗೆ ತಾಗಿಸಿ ಚೆಂಡನ್ನು ಮರಳಿ ಪಡೆದು ಮತ್ತೆ ಕಟ್ಟುವುದು: ಎತ್ತರವಿಲ್ಲವೆಂದು ಕೊರಗುವ ನಮ್ಮ ಹುಡುಗಿಯರಿಗೆ ತೋರಿಸಲೇಬೇಕಾದ ಪಂದ್ಯವಿದು. ಬ್ರೆಜಿಲ್‌ನ ಗಾಬಿ ಹಿಂದಿನ ದಿನವಷ್ಟೇ ಇಟಲಿಯೊಡನೆ ಐದು ಸೆಟ್ ಆಡಿ ಸೋತಿದ್ದರು. ಆ ದಣಿವನ್ನು ಮುಖದಲ್ಲಿ ತೋರಿಸದೆ, ಸರ್ವಿಸ್ ತಡೆಯುವುದರಿಂದ ಹಿಡಿದು ಕೊನೆಯ ಅಂಕ ಹೊಡೆಯುವವರೆಗೆ ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟರು.

ಪ್ರೇಕ್ಷಕರ ಬಗ್ಗೆ ಹೇಳದೆ ಇರಲಾಗದು. ಆ ಹೊತ್ತಿಗೆ ಥಾಯ್ಲೆಂಡ್ ತಂಡ ಸೋತು ಹೊರಬಿದ್ದಿತ್ತು, ಆದರೂ ಊರಿನ ಜನ ಸಾವಿರಾರು ಸಂಖ್ಯೆಯಲ್ಲಿ ಬಂದಿದ್ದರು. ಥಾಯ್ ಮಹಿಳೆಯರು 2009, 2013 ಮತ್ತು 2023ರಲ್ಲಿ ಏಷ್ಯಾ ಚಾಂಪಿಯನ್ನರಾದವರು. ಅಲ್ಲಿ ಈ ಆಟಗಾರ್ತಿಯರೆಂದರೆ ಮನೆಮಾತು. ನನ್ನ ಪಕ್ಕದಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಕುಳಿತಿದ್ದರು. ಭಾಷೆ ನಮಗೆ ಪರಸ್ಪರ ಬಾರದು. ಆದರೂ ಒಳ್ಳೆಯ ಲಿಫ್ಟ್ ಬಂದಾಗ, ಸ್ಮ್ಯಾಶ್ ಆಗುವುದಕ್ಕೂ ಮೊದಲೇ ಆ ಅಜ್ಜಿ ನನ್ನ ಮೊಣಕೈ ತಟ್ಟುತ್ತಿದ್ದರು. ಅಂಕ ಯಾರಿಗೆಂದು ಆ ಕ್ಷಣದಲ್ಲೇ ಬಲ್ಲ ಪ್ರೇಕ್ಷಕರ ನಡುವೆ ಕುಳಿತು ವಾಲಿಬಾಲ್ ನೋಡುವುದು ದೊಡ್ಡ ಭಾಗ್ಯ.

ಕೊರತೆಗಳೂ ಇವೆ. ಈ ಬಾರಿ ತಂಡಗಳ ಸಂಖ್ಯೆಯನ್ನು 32ಕ್ಕೆ ಏರಿಸಿದ್ದರಿಂದ ವಿಯೆಟ್ನಾಂನಂಥ ತಂಡಗಳಿಗೆ ಮೊದಲ ಸಲ ಅವಕಾಶ ಸಿಕ್ಕಿತು, ಅದು ಸಂತೋಷದ ಸಂಗತಿ. ಆದರೆ ಗುಂಪು ಹಂತದ ಅನೇಕ ಪಂದ್ಯಗಳು ಏಕಪಕ್ಷೀಯವಾಗಿದ್ದವು. ಅವನ್ನು ನಾನು ಮನೆಯಲ್ಲೇ ಮೊಬೈಲಿನಲ್ಲಿ ನೋಡಿದ್ದೆ, ಅದಕ್ಕಾಗಿ ಮೊದಲ ವಾರವೇ ಅಲ್ಲಿಗೆ ಹೋಗಬೇಕಾಗಿರಲಿಲ್ಲ ಎನ್ನಿಸುತ್ತದೆ. ಈಗಿನ ದೊಡ್ಡ ಪಂದ್ಯಾವಳಿಗಳಲ್ಲೆಲ್ಲ ಇರುವಂತೆ ಅಂಕ ಅಂಕದ ನಡುವೆಯೂ ಸಂಗೀತ ಅಬ್ಬರಿಸುತ್ತದೆ, ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವ ದನಿ ಅದರಲ್ಲಿ ಮುಳುಗುತ್ತದೆ. ಆ ದನಿಗಳೇ ಈ ಆಟದ ಜೀವ ಎಂದು ನಂಬಿರುವ ನನಗೆ ಅದು ಬೇಸರದ ಸಂಗತಿ. ಸಸ್ಯಾಹಾರಿಗಳು ಹೊಟ್ಟೆಗೆ ಮೊದಲೇ ವ್ಯವಸ್ಥೆ ಮಾಡಿಕೊಂಡು ಹೋಗುವುದು ಒಳ್ಳೆಯದು. ನಾನು ಎರಡೂ ದಿನ ಎಳನೀರು, ಅಂಟು ಅನ್ನದ ಜೊತೆ ಮಾವಿನ ಹಣ್ಣಿನಲ್ಲೇ ಕಳೆದೆ.

ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸ ನೆಟ್ ಇಳಿಸಿದ್ದು. ಮಹಿಳೆಯರ ನೆಟ್ಟಿನ ಎತ್ತರ 2.24 ಮೀಟರ್, ಪುರುಷರದ್ದು 2.43. ನಮ್ಮ ಮೈದಾನದಲ್ಲಿ ಹುಡುಗರು ಕಟ್ಟಿದ ನೆಟ್ಟಿನಲ್ಲೇ ಹುಡುಗಿಯರೂ ಆಡುತ್ತಿದ್ದರು, ನಾನೂ ಸುಮ್ಮನಿದ್ದೆ. ಈಗ ಎರಡೂ ಕಂಬಗಳಿಗೆ 2.24ರಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿದಿದ್ದೇವೆ. ಸಂಜೆ ಐದಕ್ಕೆ ಹುಡುಗಿಯರೇ ಹಗ್ಗ ಸಡಿಲಿಸಿ ನೆಟ್ಟನ್ನು ಅಲ್ಲಿಗೆ ಇಳಿಸುತ್ತಾರೆ.

ಮುಂದಿನ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ 2027ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯಲಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿಮಾನದ ಖರ್ಚೂ ಇರುವುದಿಲ್ಲ. ಮನೆಯಲ್ಲಿ ಆಡುವ ವಯಸ್ಸಿನ ಮಗಳಿದ್ದರೆ ಅವಳನ್ನು ಕರೆದುಕೊಂಡು ಹೋಗಿ, ಒಂದು ಪಂದ್ಯಕ್ಕಾದರೂ ಸರ್ವಿಸ್ ಗೆರೆಯ ಹಿಂದಿನ ಎತ್ತರದ ಸಾಲಿನಲ್ಲಿ ಜಾಗ ಹಿಡಿಯಿರಿ. ಮೊದಲ ಸೆಟ್ಟಿನಲ್ಲಿ ಚೆಂಡನ್ನು ಬಿಟ್ಟು, ಬೇರೆ ಬಣ್ಣದ ಜೆರ್ಸಿ ತೊಟ್ಟವಳನ್ನು ಮಾತ್ರ ನೋಡುವಂತೆ ಅವಳಿಗೆ ಹೇಳಿ.