ಕಡಿಮೆ ಓಡಿದ ಕಾರು ಅಂತ ಖುಷಿಪಡುವ ಮೊದಲು ಆಯಿಲ್ ಕ್ಯಾಪ್ ಬಿಚ್ಚಿ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೀರಾ? 'ಐದು ವರ್ಷದ ಗಾಡಿ ಸಾರ್, ಬರೀ 18,000 ಕಿ.ಮೀ., ಡಾಕ್ಟರ್ ಓಡಿಸಿದ್ದು' ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. (ಬೆಂಗಳೂರಲ್ಲಿ ಮಾರಾಟಕ್ಕೆ ಬರುವ ಕಾರೆಲ್ಲ ಅದು ಹೇಗೆ ಡಾಕ್ಟರದ್ದೇ ಆಗಿರುತ್ತೋ!)

ನಾನು ಕೊಂಡಿದ್ದು ಅಂಥದ್ದೇ ಒಂದು 1.2 ಲೀಟರ್ ಪೆಟ್ರೋಲ್ ಕಾರು. ಮೀಟರ್ ತಿರುಗಿಸಿರಲಿಲ್ಲ, ನಿಜಕ್ಕೂ ಅಷ್ಟೇ ಓಡಿತ್ತು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಹೊಂಬಣ್ಣಕ್ಕಿತ್ತು. 'ಫುಲ್ ಸರ್ವೀಸ್ ಮಾಡ್ಸಿದೀವಿ ಸಾರ್, ಒಂದು ವರ್ಷ ಬಾನೆಟ್ ಎತ್ತೋದೇ ಬೇಡ' ಎಂದ ಡೀಲರ್.

ಕೆಲವು ತಿಂಗಳಲ್ಲೇ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕರಕರ ಸದ್ದು. ಡೀಲರ್ ಕಡೆಯ ಗ್ಯಾರೇಜಿನವರು 'ಚಳಿಗೆ ಹಾಗೇ' ಎಂದರು. ಆಮೇಲೆ ಮಂಗಳೂರಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುತ್ತಿದ್ದಂತೆ ಡ್ಯಾಶ್‌ಬೋರ್ಡಲ್ಲಿ ಆಯಿಲ್ ಒತ್ತಡ ಕುಸಿದಿದೆ ಎನ್ನುವ ಕೆಂಪು ದೀಪ ಹತ್ತಿತು. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಈ ದೀಪ ಬಂದಮೇಲೆ 'ಮುಂದಿನ ಊರಿನವರೆಗೆ ಹೋಗೋಣ' ಅನ್ನುವ ಮಾತೇ ಇಲ್ಲ. ಟೋಯಿಂಗ್ ಗಾಡಿಯಲ್ಲೇ ಕೆಳಗಿಳಿಸಿದ್ದು.

ಮೆಕ್ಯಾನಿಕ್ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇಳಿಸಿದ. ಒಳಗೆ ಡಾಂಬರಿನಂಥ ಕಪ್ಪು ಗಸಿ. ಆಯಿಲ್ ಮೇಲೆತ್ತುವ ಸ್ಟ್ರೈನರ್ ಜಾಲರಿ ಮುಕ್ಕಾಲು ಮುಚ್ಚಿತ್ತು. ಎಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನನ್ನು ಎಳೆದು ಹಿಡಿಯುವ ಟೆನ್ಷನರ್ ಬಿಗಿಯಾಗಿ ನಿಲ್ಲುವುದು ಆಯಿಲ್ ಒತ್ತಡದಿಂದ. ಒತ್ತಡ ಬೇಗ ಏರದೆ ಚೈನ್ ಸಡಿಲವಾಗಿ ಬಡಿಯುತ್ತಿತ್ತು, ಬೆಳಗಿನ ಸದ್ದು ಅದೇ. ಚೈನ್, ಟೆನ್ಷನರ್, ಆಯಿಲ್ ಪಂಪ್, ಬೇರಿಂಗ್ ಎಲ್ಲ ಸೇರಿ ಬಿಲ್ 60,000 ರೂಪಾಯಿ ದಾಟಿತು.

ಆಮೇಲೆ ಕಂಪನಿ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಹಿಸ್ಟರಿ ತೆಗೆಸಿದಾಗ ಗೊತ್ತಾಯಿತು. ಮೊದಲ ವರ್ಷದ ನಂತರ ಅಲ್ಲಿ ಆಯಿಲ್ ಬದಲಿಸಿಯೇ ಇಲ್ಲ. ಹಳೇ ಮಾಲೀಕರ ಲೆಕ್ಕ ಸರಳ: ಕಿಲೋಮೀಟರ್ ಆಗಿಲ್ಲ ಅಲ್ವಾ, ಯಾಕೆ ಸುಮ್ನೆ ದುಡ್ಡು ದಂಡ?

ನಮ್ಮಲ್ಲಿ ಎಷ್ಟೋ ಪೆಟ್ರೋಲ್ ಕಾರುಗಳ ಮ್ಯಾನುಯಲ್‌ನಲ್ಲಿ ಆಯಿಲ್ ಬದಲಿಸಲು 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಜನ ಮೊದಲರ್ಧ ಓದಿ ಬಿಡುತ್ತಾರೆ. ಆದರೆ ದಿನಾ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿಗೆ ಹೈವೇ ಕಾರಿಗಿಂತ ಜಾಸ್ತಿ ಪೆಟ್ಟು. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆಯಿಲ್‌ಗೆ ಸೇರಿದ ನೀರಿನಂಶ, ಸುಡದ ಪೆಟ್ರೋಲ್ ಆವಿಯಾಗದೆ ಉಳಿದು ಗಸಿಗೆ ದಾರಿಯಾಗುತ್ತವೆ. ಸಿಗ್ನಲ್‌ನಲ್ಲಿ ಎಂಜಿನ್ ಓಡುವ ಹೊತ್ತು ಮೀಟರಿಗೆ ಗೊತ್ತಾಗುವುದೂ ಇಲ್ಲ. ಇಂಥ ಬಳಕೆಯಿದ್ದರೆ ವರ್ಷ ಕಾಯುವುದೂ ಬೇಡ, ಆರೇಳು ತಿಂಗಳಿಗೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ ಅನ್ನುವುದು ನನ್ನ ಮಾತು. ಚಿಕ್ಕ ಕಾರಿಗೆ ಬೇಕಾಗುವುದು ಮೂರೂವರೆ ಲೀಟರ್ ಆಸುಪಾಸು, ಅಷ್ಟೇ.

ಡಿಪ್‌ಸ್ಟಿಕ್ ನಂಬಬೇಡಿ. ಮಾರುವ ಹಿಂದಿನ ದಿನ ಹೊಸ ಆಯಿಲ್ ಸುರಿದರೂ ಅದು ಹೊಂಬಣ್ಣಕ್ಕೇ ಕಾಣುತ್ತದೆ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಕ್ಯಾಪ್ (ಎಂಜಿನ್ ಮೇಲೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳ) ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ತಿಳಿ ಕಂದು ಬಣ್ಣವಿದ್ದರೆ ಪರವಾಗಿಲ್ಲ. ಕಪ್ಪು ಗಸಿ ಗಟ್ಟಿಯಾಗಿ ಅಂಟಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟುಬಿಡಿ. ದುಡ್ಡು ಕೊಡುವ ಮುಂಚೆಯೇ ಸರ್ವೀಸ್ ಹಿಸ್ಟರಿ ತೆಗೆಸಿ, ಕಿಲೋಮೀಟರ್ ಜೊತೆ ತಾರೀಖನ್ನೂ ಓದಿ.

ಡೀಲರ್‌ಗೆ ಫೋನ್ ಮಾಡಿದ್ದೆ. 'ಎಂಜಿನ್‌ಗೆ ವಾರಂಟಿ ಬರೆದಿಲ್ವಲ್ಲ ಸಾರ್' ಎಂದ.