ಪಾಸ್ಖ ವಾರದ ಧ್ಯಾನಕೂಟ, ಕಾರವಾರ: ಉಪನ್ಯಾಸಕ್ಕಿಂತ ಮೌನವೇ ಮೇಲು

ಪಾಸ್ಖ (ಈಸ್ಟರ್) ಹಬ್ಬದ ವಾರದಲ್ಲಿ ಕಾರವಾರದ ಸಮೀಪದ ಧ್ಯಾನಕೇಂದ್ರವೊಂದು ಕನ್ನಡದಲ್ಲಿ ನಡೆಸಿದ ಒಂದು ದಿನದ ಧ್ಯಾನಕೂಟದಲ್ಲಿ ಭಾಗವಹಿಸಿದ್ದೆ. ಈ ಕರಾವಳಿಯ ಕಥೋಲಿಕರಲ್ಲಿ ಬಹುಮಂದಿಯ ಮನೆಮಾತು ಕೊಂಕಣಿಯಾದ್ದರಿಂದ, ಕನ್ನಡದಲ್ಲಿ ಪ್ರಾರ್ಥಿಸುವ ನನ್ನಂಥವರಿಗೆ ಅದೇ ಒಂದು ಅನುಕೂಲ.

ಯೇಸುವಿನ ಪುನರುತ್ಥಾನ, ಅಂದರೆ ಸಾವಿನಿಂದ ಮರಳಿ ಎದ್ದದ್ದು, ನಿಜವೆಂದು ಸಾಧಿಸುವ ಬೆಳಗಿನ ಉಪನ್ಯಾಸ ರುಚಿಸಲಿಲ್ಲ. ಬರಿದಾದ ಸಮಾಧಿ, ಐನೂರಕ್ಕೂ ಹೆಚ್ಚು ಮಂದಿಗೆ ಯೇಸು ಕಾಣಿಸಿಕೊಂಡರೆಂದು ಪ್ರೇಷಿತ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮಾತು, ಇವನ್ನೆಲ್ಲ ನ್ಯಾಯಾಲಯದ ಸಾಕ್ಷ್ಯದಂತೆ ಜೋಡಿಸಲಾಯಿತು. ವಾದದಲ್ಲಿ ತಪ್ಪಿರಲಿಲ್ಲ, ಆದರೆ ಕೂತವರಲ್ಲಿ ಪುನರುತ್ಥಾನವನ್ನು ಅಲ್ಲಗಳೆಯುವವರು ಯಾರೂ ಇದ್ದಂತೆ ಕಾಣಲಿಲ್ಲ. ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ, ಅಂದರೆ ನಂಬಿಕೆಯನ್ನು ಸಾರುವ ಪ್ರಾರ್ಥನೆಯಲ್ಲಿ, ಹೇಳುವ ಈ ಮಾತು ತಮ್ಮ ಬದುಕನ್ನು ಎಲ್ಲಿ ತಾಗಿತು ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ಮಧ್ಯಾಹ್ನದ ಕಲಾಪ ಈ ಕೊರತೆಯನ್ನು ತುಂಬಿಕೊಟ್ಟಿತು. ಗಾಳಿಮರಗಳ ನೆರಳಿನಲ್ಲಿ ಕೂರಿಸಿ, ಬೈಬಲಿನಲ್ಲಿರುವ ಯೊವಾನ್ನನ ಶುಭಸಂದೇಶದ 21ನೆಯ ಅಧ್ಯಾಯವನ್ನು ಗುರುಗಳು ನಿಧಾನವಾಗಿ ಎರಡು ಸಲ ಓದಿ, ವಿವರಣೆಗೆ ಇಳಿಯದೆ ನಮ್ಮನ್ನು ಮೌನಕ್ಕೆ ಬಿಟ್ಟರು. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ಮರಳಿದ ಶಿಷ್ಯರನ್ನು ಯೇಸು ದಡದಲ್ಲಿ ನಿಂತು ಮೀನು ಸಿಕ್ಕಿತೇ ಎಂದು ವಿಚಾರಿಸುವ ಪ್ರಸಂಗವದು. ಮೌನ ಮುಗಿದಾಗ, ದೋಣಿಯಲ್ಲೇ ಆಯುಷ್ಯ ಕಳೆದ ಹಿರಿಯರೊಬ್ಬರು ಹೇಳಿದರು: "ಫಾದರ್, ಬಲೆ ಬರಿದಾದ ದಿನ ದಡದಲ್ಲಿದ್ದವರು ಮೀನು ಎಷ್ಟು ಎಂದೇ ಕೇಳುತ್ತಾರೆ. ಇಲ್ಲಿ ಕೇಳಿದವರ ಹತ್ತಿರವೇ ಕೆಂಡದ ಮೇಲೆ ಮೀನಿತ್ತಲ್ಲ!" ಹೆಂಡತಿ ತೀರಿಕೊಂಡ ಮೇಲೆ ಇಗರ್ಜಿಯನ್ನೇ (ಚರ್ಚನ್ನೇ) ಬಿಟ್ಟಿದ್ದ ತಮಗೆ, ಒಂದು ಬೆಳಗ್ಗೆ ಗಂಜಿ ಉಣ್ಣುವಾಗ ಯೇಸುಸ್ವಾಮಿ ಎದುರಿಗೆ ಕೂತಿದ್ದಾರೆಂಬುದು ಸಂಶಯವಿಲ್ಲದೆ ತಿಳಿಯಿತೆಂದೂ, ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲವೆಂದೂ ಸೇರಿಸಿದರು. ಗುರುಗಳು ಅದನ್ನು ಪವಾಡವೆಂದು ಸಾರಲಿಲ್ಲ, ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಲೂ ಇಲ್ಲ. "ನೀನು ಯಾರು" ಎಂದು ಕೇಳುವ ಧೈರ್ಯ ಶಿಷ್ಯರಿಗೂ ಬರಲಿಲ್ಲವೆಂಬ ವಾಕ್ಯವನ್ನು ಮತ್ತೊಮ್ಮೆ ಓದಿದರು, ಅಷ್ಟೆ. ಧ್ಯಾನಕೂಟ ನಡೆಸುವವರಲ್ಲಿ ಇಂಥ ಸಂಯಮ ಅಪರೂಪ. ಯೇಸು ಸೆರೆಯಾದ ರಾತ್ರಿ ಅವರನ್ನು ಅರಿಯೆನೆಂದು ಶಿಷ್ಯ ಪೇತ್ರನು ಹೇಳಿದ್ದು ಕೆಂಡದ ಬಳಿ ಚಳಿ ಕಾಯಿಸುತ್ತ. ನನ್ನನ್ನು ಪ್ರೀತಿಸುತ್ತೀಯಾ ಎಂದು ಅವನು ಯೇಸುವಿನಿಂದ ಮೂರು ಬಾರಿ ಕೇಳಿಸಿಕೊಂಡದ್ದೂ ಕೆಂಡದ ಮೇಲಿನ ಆ ಊಟ ಮುಗಿದ ಬಳಿಕ. ಇದನ್ನೂ ಅವರು ಬೋಧಿಸಲಿಲ್ಲ, ಎರಡೂ ಭಾಗಗಳನ್ನು ಒಂದರ ಹಿಂದೊಂದು ಓದಿಸಿ ನಮಗೇ ಬಿಟ್ಟರು.

ಊಟ ಸಾಧಾರಣ, ಮೈಕಿನ ಕಿರುಚಾಟ ಸಹಿಸಲಸಾಧ್ಯ. ಪಾಪನಿವೇದನೆ (ತಪ್ಪೊಪ್ಪಿಗೆ) ಕೇಳಲು ಒಬ್ಬರೇ ಗುರುಗಳಿದ್ದುದರಿಂದ ಸಾಲು ಕರಗದೆ ಬಲಿಪೂಜೆ (ಮಾಸ್) ತಡವಾಯಿತು. ಊರಿನ ಕೊನೆಯ ಬಸ್ಸು ಹಿಡಿಯಬೇಕಾದವರು ಪೂಜೆಯ ಕೊನೆಯ ಭಾಗದಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಿದ್ದೇ ತಡ ಎದ್ದು ಹೊರಟರು. ಉಪನ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಈ ತೊಂದರೆ ತಾನಾಗಿ ನೀಗುತ್ತದೆ. ಬದಲಾಗದಿದ್ದರೂ ಮುಂದಿನ ವರ್ಷ ಹೋಗುವವನೇ. ಉಪನ್ಯಾಸ ಮುಗಿಯುವ ಹೊತ್ತಿಗೆ ತಲುಪಿದರೆ ಸಾಕು.